ಅಮಾವಾಸ್ಯೆಯ ಮಾರನೆಯ ದಿನದ ಮಾತು

ಚಾಮರಾಜಪೇಟೆಯ ರಾಮಾಂಜಿನಪ್ಪನ ಅಂಗಡಿಯಲ್ಲಿ ಯಾವತ್ತೂ ಯಾವುದೂ ಚೆನ್ನಾಗಿರುತ್ತಿರಲಿಲ್ಲ. ವ್ಯಾಪಾರ ಹೇಗಿದೆ ಎಂದರೆ, 'ನೊಣ ಹೊಡೀತಾ ಕೂತಿದೀನಿ ಸ್ವಾಮಿ' ಎನ್ನುತ್ತಿದ್ದ. ಹಾಗೆನ್ನುವಾಗ ಅವನ ಎರಡು ಕೈಗೂ ಬಿಡುವಿರುತ್ತಿರಲಿಲ್ಲ, ಬಾಯಲ್ಲೊಂದು ದಾರದ ತುದಿ ಕಚ್ಚಿಕೊಂಡಿರುತ್ತಿದ್ದ, ಹೊರಗೆ ಆಟೋಗಳು ಅಡ್ಡಾದಿಡ್ಡಿ ನಿಂತು ಹಾರನ್ ಹೊಡೆಯುತ್ತಿದ್ದವು. ಆರೋಗ್ಯ ಹೇಗಿದೆ ಎಂದರೆ, 'ಏನೋ, ಎಳೀತಿದೆ ಗಾಡಿ.' ಹೊಸ ಮನೆ ಕಟ್ಟಿಸಿದಿರಂತೆ ಎಂದರೆ, 'ಮನೆ ಅಲ್ಲ ಬಿಡಿ, ತಲೆ ಮೇಲೊಂದು ಶೀಟು.' ಆ ಶೀಟಿಗೆ ಮೂರು ಅಂತಸ್ತು, ಮೇಲೊಂದು ತುಳಸಿಕಟ್ಟೆ.

ಅವನು ಮಾರುವ ಸರಕೇ ಅಂಥದ್ದು. ಬೂದುಗುಂಬಳಕಾಯಿ, ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿದ ಸರ, ಕಪ್ಪು ದಾರ, ಬಾಗಿಲಿಗೆ ತೂಗುಹಾಕುವ ನಾಲಿಗೆ ಚಾಚಿದ ರಾಕ್ಷಸನ ಮುಖ. ಒಟ್ಟಿನಲ್ಲಿ ದೃಷ್ಟಿ ತೆಗೆಯುವ ಸಾಮಾನು. ಊರಿನ ಜನ ಒಬ್ಬರ ಏಳಿಗೆ ನೋಡಿ ಇನ್ನೊಬ್ಬರು ಹೊಟ್ಟೆ ಉರಿದುಕೊಳ್ಳುವವರೆಗೂ ರಾಮಾಂಜಿನಪ್ಪನ ಹೊಟ್ಟೆ ತಣ್ಣಗಿರುತ್ತಿತ್ತು. ಅಮಾವಾಸ್ಯೆಯ ದಿನವಂತೂ ಅಂಗಡಿಗಳವರು, ಲಾರಿಯವರು, ಕೋಟು ಹಾಕಿದ ವಕೀಲರು, ದೇವರಿಲ್ಲ ಎಂದು ಭಾಷಣ ಮಾಡುವ ಒಬ್ಬ ಪ್ರೊಫೆಸರು, ಎಲ್ಲರೂ ಕ್ಯೂ ನಿಲ್ಲುತ್ತಿದ್ದರು. ಪ್ರೊಫೆಸರು ಮಾತ್ರ 'ನಮ್ಮ ಡ್ರೈವರಿಗೆ' ಎಂದು ಹೇಳಿ ಒಯ್ಯುತ್ತಿದ್ದರು. ಮಾರನೆಯ ದಿನ ಅದೇ ಕಾಯಿಯನ್ನು ಬಿಟ್ಟಿ ಕೊಡುತ್ತೇನೆಂದರೂ ಮೂಸುವವರಿಲ್ಲ. ಕಾಯಿಯಲ್ಲಿ ಏನೂ ಕೆಟ್ಟಿರುವುದಿಲ್ಲ. ದಿನ ಹೋಗಿರುತ್ತದೆ, ಅಷ್ಟೆ. ಉಳಿದದ್ದನ್ನು ಅವನ ಹೆಂಡತಿ ಅಂಜಿನಮ್ಮ ಹೆಚ್ಚಿ ಸಂಡಿಗೆ ಇಡುತ್ತಿದ್ದಳು.

ಒಳ್ಳೆಯ ಕಾಯಿಯನ್ನು ಅವನು ಆರಿಸುವ ರೀತಿಯೊಂದಿತ್ತು. ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು, ನಡುಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿ ಹತ್ತಿರ ತಂದು ಕೇಳುತ್ತಿದ್ದ. ಒಳಗೆ ತುಂಬಿದ ಸದ್ದು ಬಂದರೆ 'ಹ್ಞೂಂ' ಎನ್ನುತ್ತಿದ್ದ. ಅದು ಗಿರಾಕಿಗಲ್ಲ, ಕಾಯಿಗೆ. ಗಿರಾಕಿಗೆ ಹೇಳುತ್ತಿದ್ದುದು, 'ಪರವಾಗಿಲ್ಲ, ಒಡೆಯೋಕೆ ಸಾಕು.'

ತನ್ನದನ್ನು ತಾನು ಹೊಗಳಬಾರದು ಎಂಬ ಈ ವ್ರತ ಅವನಿಗೆ ಅಂಗಡಿಯಿಂದ ಬಂದದ್ದಲ್ಲ. ಅವನ ತಮ್ಮ ನಾರಾಯಣಪ್ಪ ಗರಡಿ ಹುಡುಗ. ಒಂದು ದಸರಾದಲ್ಲಿ ತನಗಿಂತ ದಪ್ಪನಾದವನ ಬೆನ್ನನ್ನು ಮಣ್ಣಿಗೆ ತಾಗಿಸಿ ಬಂದ. ಅವರಪ್ಪ ಖುಷಿ ತಡೆಯಲಾರದೆ ಕಲಾಸಿಪಾಳ್ಯದ ಮಾರುಕಟ್ಟೆಯೆಲ್ಲ ತಿರುಗಿ, 'ನನ್ನ ಮಗನಂಥೋನು ಏಳು ತಾಲ್ಲೂಕಲ್ಲಿ ಹುಡುಕಿದ್ರೂ ಸಿಗಲ್ಲ' ಎಂದು ಕಂಡವರಿಗೆಲ್ಲ ಬೂಂದಿ ಹಂಚಿದರು. ಆ ವಾರವೇ ಸರಕು ಇಳಿಸುವಾಗ ನಾರಾಯಣಪ್ಪ ಲಾರಿಯಿಂದ ಜಾರಿ ಬಿದ್ದು ಮಂಡಿಚಿಪ್ಪು ಎರಡು ಹೋಳಾಯಿತು. ಹಲಗೆ ಒದ್ದೆಯಾಗಿತ್ತು ಎಂಬುದು ಎಲ್ಲರಿಗೂ ಗೊತ್ತು. ಅಪ್ಪ ಮಾತ್ರ ಸಾಯುವವರೆಗೂ ಹಲಗೆಯನ್ನು ಬೈಯಲಿಲ್ಲ, ತನ್ನ ನಾಲಿಗೆಯನ್ನು ಬೈದುಕೊಂಡರು. ನಾರಾಯಣಪ್ಪ ಈಗಲೂ ಕಾಲೆಳೆಯುತ್ತಾ ಅಂಗಡಿಗೆ ಬರುತ್ತಾನೆ. ಅವನನ್ನು ಕಂಡಾಗಲೆಲ್ಲ ರಾಮಾಂಜಿನಪ್ಪನ ತುಟಿ ತಾನಾಗಿ ಮುಚ್ಚಿಕೊಳ್ಳುತ್ತದೆ.

ರಾಮಾಂಜಿನಪ್ಪನಿಗೆ ಒಬ್ಬಳೇ ಮಗಳು, ಹೇಮಶ್ರೀ. ಮಗು ಮುದ್ದಾಗಿದೆ ಎಂದವರಿಗೆ, 'ಎಲ್ಲಿ ಮುದ್ದು, ಮೂಗು ನೋಡಿ, ಥೇಟ್ ನಮ್ಮಮ್ಮಂದು' ಎಂದ. ಕ್ಲಾಸಿಗೆ ಫಸ್ಟ್ ಬಂದಾಗ, 'ಆ ಸ್ಕೂಲಲ್ಲಿ ಓದೋರೇ ಇಲ್ಲ' ಎಂದ. ಚಿಕ್ಕವಳಿದ್ದಾಗ ಅವಳಿಗೆ ಇದು ತಮಾಷೆ. 'ನಮ್ಮಪ್ಪಂದು ವರ್ಷಪೂರ್ತಿ ಡಿಸ್ಕೌಂಟ್ ಸೇಲ್ ಕಣ್ರೇ' ಎಂದು ಗೆಳತಿಯರ ಮುಂದೆ ನಗುತ್ತಿದ್ದಳು. ನಗುವುದನ್ನು ಯಾವಾಗ ನಿಲ್ಲಿಸಿದಳೋ ಅವನು ಗಮನಿಸಲಿಲ್ಲ. ಕುಂಬಳಕಾಯಿ ಕೊಳೆಯಲು ಶುರುವಾಗುವುದು ಒಳಗಿನಿಂದ. ಮೇಲಿನ ಬೂದಿ ಹಾಗೇ ಇರುತ್ತದೆ. ಇದು ಗೊತ್ತಿರಬೇಕಾದ ಮನುಷ್ಯನೇ ಅವನು.

ಲಾರಿಯ ಮೇಲಿಂದ ಎಸೆದ ಕಾಯಿಗಳನ್ನು ಕೆಳಗೆ ನಿಂತು ಹಿಡಿಯುವುದು ಹೇಮಶ್ರೀ ಲಂಗ ತೊಡುವ ಕಾಲದಿಂದ ಮಾಡಿದ ಕೆಲಸ. ಕಾಲೇಜಿಗೆ ಬಂದ ಮೇಲೆ ವಿಶ್ವೇಶ್ವರಪುರಂನ ಹಳೆಯ ಛತ್ರವೊಂದರ ಮೇಲಂತಸ್ತಿನಲ್ಲಿ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಹೇಳಿಕೊಡುವ ಕಡೆ ಸೇರಿದಳು. ಗುದ್ದುವುದು, ಒದೆಯುವುದು, ಕುಸ್ತಿ ಹಿಡಿಯುವುದು ಎಲ್ಲ ಕಲಸಿದ ಆಟ. ಸುತ್ತ ಬಲೆ ಕಟ್ಟಿದ ಎಂಟು ಮೂಲೆಯ ಪಂಜರದೊಳಗೆ ನಡೆಯುವಂಥದ್ದು. ಕೋಚ್ ಮಹಾನಂದ ಮೊದಲ ದಿನವೇ ಅವಳನ್ನು ತಳ್ಳಿ ನೋಡಿದ. ಅಲುಗಲಿಲ್ಲ.

'ಈ ಥರ ನಿಲ್ಲೋದು ಯಾರಮ್ಮ ಹೇಳ್ಕೊಟ್ಟಿದ್ದು?'

'ಕುಂಬಳಕಾಯಿ ಸಾರ್' ಎಂದಳು.

ರಾಮಾಂಜಿನಪ್ಪ ಅವಳ ಪಂದ್ಯಕ್ಕೆ ಒಮ್ಮೆಯೂ ಹೋಗಲಿಲ್ಲ. ಮನೆಯಲ್ಲಿ ಎಲ್ಲರೂ ಹಾಗೆ ತಿಳಿದಿದ್ದರು. ನಿಜವೇನೆಂದರೆ, ಪಂದ್ಯವಿದ್ದ ದಿನ ಬೆಳಿಗ್ಗೆ ಅವಳ ಹೆಸರಲ್ಲಿ ಒಂದು ಕಾಯಿ ಒಡೆದು, ಮಧ್ಯಾಹ್ನ ಸಂತೆಗೆ ಹೋಗುತ್ತೇನೆಂದು ಹೇಳಿ, ಪಂದ್ಯ ನಡೆಯುವ ಹಾಲಿನ ಮೆಟ್ಟಿಲ ಪಕ್ಕದ ಕಿಟಕಿಯಲ್ಲಿ ಹೊರಗಿನಿಂದ ನಿಂತು ನೋಡುತ್ತಿದ್ದ. ಒಮ್ಮೆ ಮಗಳು ಎದುರಾಳಿಯ ಸೊಂಟ ಹಿಡಿದು, ಲಾರಿಗೆ ಕಾಯಿ ಏರಿಸುವಂತೆ ಎತ್ತಿ ನೆಲಕ್ಕೆ ಹಾಕಿದ್ದನ್ನು ಕಂಡು ಕಿಟಕಿಯ ಸರಳು ಹಿಡಿದುಕೊಂಡು ಅತ್ತ. ಮನೆಗೆ ಬಂದು, 'ಏನಾಯ್ತೇ, ಸೋತಾ?' ಎಂದು ಕೇಳಿದ.

ಕಿಟಕಿಯಿಂದ ಅರ್ಥವಾಗದ್ದನ್ನು ಅವನು ಮೊಬೈಲಿನಲ್ಲಿ ಕಲಿತ. ಊಟದ ನಂತರ ಗಿರಾಕಿ ಕಡಿಮೆ. ಆಗ ಮೊಬೈಲನ್ನು ತಕ್ಕಡಿಗೆ ಒರಗಿಸಿಟ್ಟು ಈ ಆಟದವರ ಮೇಲೆ ತೆಗೆದ ಸಾಕ್ಷ್ಯಚಿತ್ರಗಳನ್ನು ಒಂದಾದ ಮೇಲೊಂದು ನೋಡುತ್ತಿದ್ದ. ಹೆಸರು ನಾಲಿಗೆಗೆ ಹೊರಳದ ಊರುಗಳು, ಹಿಮ, ಕುರಿಮಂದೆ, ಕುಸ್ತಿ ಹಿಡಿದು ಹಿಡಿದು ಕಿವಿ ಮುದುಡಿಹೋದ ಗಂಡಸರು. ಭಾಷೆ ತಿಳಿಯುತ್ತಿರಲಿಲ್ಲ. ಆದರೆ ಅಪ್ಪ ಎಂಬ ಪ್ರಾಣಿ ಎಲ್ಲ ಭಾಷೆಯಲ್ಲೂ ಒಂದೇ. ವ್ಯಾಪಾರಿಯ ಕಣ್ಣಲ್ಲವೇ, ನಾಲ್ಕು ಚಿತ್ರ ನೋಡುವಷ್ಟರಲ್ಲಿ ವರಸೆ ಹಿಡಿದುಬಿಟ್ಟ. ಮೊದಲು ಬಡಮನೆ. ಆಮೇಲೆ ಪಾತ್ರೆ ತಿರುವುವ ಅಮ್ಮ. ಆಮೇಲೆ ಅಪ್ಪ ಬಂದು, ಮಗನ ಭುಜದ ಮೇಲೆ ಕೈಯಿಟ್ಟು, ಕಣ್ಣಲ್ಲಿ ನೀರು ತಂದುಕೊಂಡು ಏನೋ ಹೊಗಳುತ್ತಾನೆ. ಹಿಂದೆ ಪಿಟೀಲು. ಅದಾಗಿ ಸ್ವಲ್ಪ ಹೊತ್ತಿಗೆ ಮಗನ ಮಂಡಿಯೋ ಭುಜವೋ ಹೋಗುತ್ತದೆ. ಆಸ್ಪತ್ರೆ, ಬಿಳಿ ದೀಪ.

ಯಾವ ಚಿತ್ರ ನೋಡಿದರೂ ಅದೇ. ಅಪ್ಪ ಹೊಗಳಿದ, ಮಗ ಬಿದ್ದ. ಕಲಾಸಿಪಾಳ್ಯದಲ್ಲಿ ಬೂಂದಿ ಹಂಚಿದ ತನ್ನಪ್ಪನೂ ಚಿತ್ರದಲ್ಲಿ ಕಂಡ ಹಿಮದ ಬೆಟ್ಟದ ಗಡ್ಡದ ಅಪ್ಪನೂ ಒಂದೇ ತಪ್ಪು ಮಾಡಿದ್ದರು ಎಂಬುದರಲ್ಲಿ ಅವನಿಗೆ ಅನುಮಾನ ಉಳಿಯಲಿಲ್ಲ.

ಹೀಗಿರುವಾಗ ಕ್ಯಾಮೆರಾ ಅವನ ಅಂಗಡಿಗೇ ಬಂತು. ತ್ಯಾಗರಾಜನಗರದ ಪ್ರಿಯಂವದಾ ಎಂಬ ಹುಡುಗಿ, ಊರಿನ ಹೆಣ್ಣು ಫೈಟರ್‌ಗಳ ಮೇಲೆ ಡಾಕ್ಯುಮೆಂಟರಿ ತೆಗೆಯುತ್ತಿದ್ದವಳು. ಹೇಮಶ್ರೀ ಆಗತಾನೇ ರಾಜ್ಯಮಟ್ಟದಲ್ಲಿ ಗೆದ್ದಿದ್ದಳು. ಚಿತ್ರದ ಬಹುಪಾಲು ಅವಳೇ. ಅವಳು ಅಭ್ಯಾಸಕ್ಕೆ ಹೋಗಿದ್ದ ಹೊತ್ತು ನೋಡಿ ಪ್ರಿಯಂವದಾ ಒಬ್ಬ ಕ್ಯಾಮೆರಾದವನನ್ನು ಕರೆದುಕೊಂಡು ಅವಳಪ್ಪನ ಮಾತು ತೆಗೆಯಲು ಬಂದಳು. ರಾಮಾಂಜಿನಪ್ಪ ಮೊದಲು ಮಾಡಿದ ಕೆಲಸ, ಕ್ಯಾಮೆರಾದ ಸ್ಟ್ಯಾಂಡಿಗೆ ಒಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದು. ಅವರಿಗೆ ಅದೊಂದು ಮೋಜಾಯಿತು.

'ಅಂಕಲ್, ಹೇಮಶ್ರೀ ಪಂಜರದೊಳಗೆ ಇಳಿಯೋವಾಗ ನಿಮಗೆ ಏನನ್ಸತ್ತೆ?'

'ಏನನ್ಸೋದು? ಕೆಲ್ಸ ಇಲ್ಲದೋರ ಕೆಲ್ಸ ಅನ್ಸತ್ತೆ.'

ಕ್ಯಾಮೆರಾದವನು ನಕ್ಕ. ಗಿರಾಕಿ ನಕ್ಕರೆ ವ್ಯಾಪಾರಿಗೆ ಇನ್ನೊಂದು ಮಾತು ಬರುತ್ತದೆ.

'ಆದ್ರೂ ಸ್ಟೇಟ್ ಲೆವೆಲ್‌ನಲ್ಲಿ ಗೆದ್ದಿದಾಳಲ್ಲ ಅಂಕಲ್?'

'ಎದುರಿಗಿದ್ದೋಳು ಇನ್ನೂ ವೀಕು ಇರ್ಬೇಕು ಬಿಡಿ.'

'ಹೆಮ್ಮೆ ಇಲ್ವಾ?'

ಅವನು ಆಗ ಕ್ಯಾಮೆರಾವನ್ನು ಸರಿಯಾಗಿ ನೋಡಿದ. ಕಪ್ಪಗೆ, ದುಂಡಗೆ, ರೆಪ್ಪೆಯೇ ಇಲ್ಲದ ಕಣ್ಣು. ಅವನೋ ಮನುಷ್ಯರ ಕಣ್ಣಿಗೆ ಹೆದರಿ ಬದುಕು ಕಳೆದವನು. ಇದರ ಹಿಂದೆ ಎಷ್ಟು ಸಾವಿರ ಕಣ್ಣೋ. ಕಿಟಕಿಯ ಸರಳು, ಎತ್ತಿ ಹಾಕಿದ್ದು, ತನ್ನ ಅಳು, ಎಲ್ಲ ಗಂಟಲವರೆಗೆ ಬಂತು. ನಾರಾಯಣಪ್ಪನ ಕಾಲೂ ಜೊತೆಗೇ ಬಂತು.

'ಹೆಮ್ಮೆ ಯಾತರದು? ನಾಕು ಏಟು ಬಿದ್ರೆ ತಾನೇ ಬುದ್ಧಿ ಬಂದು ಮನೆ ಸೇರ್ಕೋತಾಳೆ. ಅವಳ ಕೈಲಿ ಏನಾಗತ್ತೆ?'

ಒಳಗಿನಿಂದ ಅಂಜಿನಮ್ಮ ತಟ್ಟೆ ಕುಕ್ಕಿದಳು. 'ಏನ್ರೀ ಇದು, ಹೆತ್ತ ಮಗಳನ್ನ ಹಂಗಂತೀರಾ!'

'ನೀನ್ ಸುಮ್ನಿರೆ. ನಿಂಗೆ ಗೊತ್ತಾಗಲ್ಲ.'

ಅದೂ ರೆಕಾರ್ಡ್ ಆಯಿತು. ಅವರು ಸಾಮಾನು ಕಟ್ಟಿಕೊಂಡು ಹೋದ ಮೇಲೆ ರಾಮಾಂಜಿನಪ್ಪ ಅಂಗಡಿಯ ಎಲ್ಲಕ್ಕಿಂತ ದೊಡ್ಡ ಕಾಯಿ ತೆಗೆದು, ಕೊರೆದು ಕುಂಕುಮ ತುಂಬಿ, ಮೇಲೆ ಕರ್ಪೂರ ಹಚ್ಚಿ, ಮಗಳ ಹೆಸರು ಹೇಳಿ ರಸ್ತೆಗೆ ಒಡೆದ. ಆ ಚಿತ್ರಕ್ಕೆ ಬೇಕಾಗಿದ್ದದ್ದು ಅದೊಂದೇ. ಅದೊಂದೇ ಆ ಚಿತ್ರದಲ್ಲಿಲ್ಲ.

ಚಿತ್ರವನ್ನು ಶಂಕರಪುರಂನ ಒಂದು ಸಂಘದ ಹಾಲಿನಲ್ಲಿ ಮೊದಲು ತೋರಿಸಿದರು. ರಾಮಾಂಜಿನಪ್ಪ ಮದುವೆಗೆ ಹೋಗುವಂತೆ ಇಸ್ತ್ರಿ ಮಾಡಿದ ಪಂಚೆ ಉಟ್ಟುಕೊಂಡು ಹೆಂಡತಿಯೊಡನೆ ಮುಂದಿನ ಸಾಲಿನಲ್ಲಿ ಕೂತ. ಹೇಮಶ್ರೀ ಪಕ್ಕದಲ್ಲೇ ಇದ್ದಳು. 'ಕೆಲ್ಸ ಇಲ್ಲದೋರ ಕೆಲ್ಸ' ಎಂದಾಗ ಇಡೀ ಹಾಲ್ ಗೊಳ್ಳೆಂದಿತು. ಅವನೂ ನಕ್ಕ. 'ಎದುರಿಗಿದ್ದೋಳು ವೀಕು' ಎಂದಾಗ ನಗು ಸ್ವಲ್ಪ ತೆಳ್ಳಗಾಯಿತು. 'ನಾಕು ಏಟು ಬಿದ್ರೆ' ಎಂದದ್ದೇ ತಡ, ಪರದೆಯ ಮೇಲೆ ಹೇಮಶ್ರೀಯ ದವಡೆಗೆ ಒಂದು ಗುದ್ದು ಬಿತ್ತು. ಅವನ ಮಾತೇ ಮುಷ್ಟಿ ಕಟ್ಟಿಕೊಂಡು ಹೋಗಿ ಹೊಡೆದಂತೆ. ಹಿಂದಿನ ಸಾಲಿನಲ್ಲಿ ಯಾರೋ 'ಛೆ' ಎಂದರು.

ಆಮೇಲೆ ಪರದೆಯಲ್ಲಿ ಹೇಮಶ್ರೀ ಒಬ್ಬಳೇ ಕೂತು ಕೈಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. ಗೆದ್ದಾಗ ಮನೆಯಲ್ಲಿ ಏನನ್ನುತ್ತಾರೆ ಎಂದು ಪ್ರಿಯಂವದಾಳ ದನಿ ಕೇಳಿತು.

'ನಮ್ಮಪ್ಪ ಕುಂಬಳಕಾಯಿ ತಟ್ಟಿ ನೋಡ್ತಾರೆ. ಚೆನ್ನಾಗಿದ್ರೆ ಹ್ಞೂಂ ಅಂತಾರೆ, ಮೆಲ್ಲಗೆ, ಅವರಿಗೇ ಕೇಳೋ ಹಂಗೆ. ದಿನಕ್ಕೆ ಎಷ್ಟೋ ಕಾಯಿಗೆ ಅಂತಾರೆ. ನಂಗೆ ಒಂದ್ಸಲ ಅಂದ್ರೆ ಸಾಕು.' ಪಟ್ಟಿಯ ತುದಿಯನ್ನು ಹಲ್ಲಲ್ಲಿ ಎಳೆದು ಬಿಗಿ ಮಾಡಿ, ನಕ್ಕಳು. 'ಇನ್ನೂ ಬಲಿತಿಲ್ಲ ಅಂತ ಕಾಣತ್ತೆ ನಾನು.'

ರಾಮಾಂಜಿನಪ್ಪ ಪಕ್ಕಕ್ಕೆ ತಿರುಗಿ ನೋಡಲಿಲ್ಲ. ಪರದೆಯ ಬೆಳಕಿನಲ್ಲಿ ಮಗಳ ಮಂಡಿಯ ಮೇಲಿದ್ದ ಕೈ ಮಾತ್ರ ಕಾಣುತ್ತಿತ್ತು. ಗೆಣ್ಣುಗಳೆಲ್ಲ ಸವೆದು ಗಟ್ಟಿಯಾಗಿದ್ದವು. ತನ್ನ ನಡುಬೆರಳಿನ ಗೆಣ್ಣೂ ಹಾಗೆಯೇ ಇದೆ ಎಂಬುದು ಅವನಿಗೆ ಆಗ ಹೊಳೆಯಿತು.

ಬಾಗಿಲ ಬಳಿ ಅವನ ಹಳೆಯ ಗಿರಾಕಿ, ರಿಟೈರ್ಡ್ ಲೆಕ್ಕದ ಮೇಷ್ಟ್ರು ಶ್ರೀನಿವಾಸಯ್ಯ ಕೈಕುಲುಕಿದರು. 'ಚೆನ್ನಾಗ್ ಮಾಡಿದೀರಿ ಕಣ್ರೀ ರಾಮಾಂಜಿನಪ್ಪ! ಎಲ್ಲಾ ಸಿನಿಮಾಕ್ಕೂ ಒಬ್ಬ ವಿಲನ್ ಬೇಕೇಬೇಕಲ್ಲ.'

'ಏನೋ ಮೇಷ್ಟ್ರೇ, ಅವರು ಕೇಳಿದ್ರು, ನಾನು ಅಂದೆ.'

ಹೇಮಶ್ರೀ ಜಗಳವಾಡಲಿಲ್ಲ. ಮಾರನೆಯ ಬೆಳಿಗ್ಗೆ ಎಂದಿನಂತೆ ಲಾರಿಯಡಿ ನಿಂತು ಕಾಯಿ ಹಿಡಿದಳು. ಎಲ್ಲ ಇಳಿಸಿಯಾದ ಮೇಲೆ ಕೈ ಒರೆಸಿಕೊಳ್ಳುತ್ತಾ, 'ಪುಣೆಯಲ್ಲಿ ಒಂದು ಕ್ಯಾಂಪಿದೆ ಅಪ್ಪ. ಕರೆದಿದಾರೆ. ಅಲ್ಲೇ ಇದ್ದು ಪ್ರ್ಯಾಕ್ಟೀಸ್ ಮಾಡ್ತೀನಿ' ಎಂದಳು.

'ಹೋಗು, ಹೋಗು. ಎರಡು ತಿಂಗ್ಳು ಅಲ್ಲಿನ ಊಟ ತಿಂದ್ರೆ ಮನೆ ದಾರಿ ತಾನಾಗೇ ನೆನಪಾಗತ್ತೆ' ಎಂದಿತು ಅವನ ಬಾಯಿ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ವರ್ಷಗಟ್ಟಲೆ ಒಂದೇ ಬೀದಿಯಲ್ಲಿ ಓಡಿದ ಎತ್ತಿಗೆ ಬೇರೆ ದಾರಿ ತೋರಿಸಿದರೆ ತಿಳಿದೀತೇ?

ಆ ಸಂಜೆಯೇ ಒಂದು ಎಳೆಯ ಕಾಯಿಯನ್ನು ಚೀಲಕ್ಕೆ ಹಾಕಿಕೊಂಡು ತ್ಯಾಗರಾಜನಗರಕ್ಕೆ ಹೋದ. ಬಾಗಿಲು ತೆರೆದ ಪ್ರಿಯಂವದಾ ಕಾಯಿಯನ್ನು ಎರಡು ಕೈಯಲ್ಲಿ ಇಸಿದುಕೊಂಡಳು.

'ಅಂಕಲ್, ಇದು ಒಡೆಯೋಕಾ, ತಿನ್ನೋಕಾ?'

'ಮಜ್ಜಿಗೆಹುಳಿ ಮಾಡ್ಸಿ ಮೇಡಂ. ಎಳೇದು.' ಕೂತ. ಕೊಟ್ಟ ಕಾಫಿ ಕುಡಿದ. ಲೋಟ ಕೆಳಗಿಟ್ಟು, 'ಆ ಮಾತು ತೆಗೆದ್ಬಿಡಿ. ಬೇಕಾದ್ರೆ ಬೇರೆ ಹೇಳ್ತೀನಿ, ಈಗ್ಲೇ ಹೇಳ್ತೀನಿ' ಎಂದ.

'ತೆಗೆಯೋಕಾಗಲ್ಲ ಅಂಕಲ್. ಫಿಲಂ ಮುಗಿದು ಹೊರಗಡೆ ಹೋಗಿದೆ. ನಾನೇನೂ ಸೇರ್ಸಿಲ್ಲ, ನೀವು ಅಂದಿದ್ದೇ ತಾನೇ?'

'ಅಂದಿದ್ದು ನಾನೇ. ಆದ್ರೆ ಹಂಗಲ್ಲ.'

'ಮತ್ತೆ ಹೆಂಗೆ?'

ಅವನು ಹೇಳಿದ. ನಾರಾಯಣಪ್ಪನ ಮಂಡಿ, ತಕ್ಕಡಿಗೆ ಒರಗಿಸಿಟ್ಟ ಮೊಬೈಲು, ಹಿಮದ ಬೆಟ್ಟದ ಅಪ್ಪಂದಿರು, ಹೊಗಳಿದ ಮೇಲೆ ಬೀಳುವ ಮಕ್ಕಳು. ಪ್ರಿಯಂವದಾ ನಗುತ್ತಾಳೆಂದುಕೊಂಡಿದ್ದ. ಅವಳು ನಗಲಿಲ್ಲ.

'ಅಂಕಲ್, ನಾವು ಫಿಲಂನವರು ಮೊದಲು ಹೋಗೋದೇ ಇಲ್ಲ. ಹುಡುಗ ಬಿದ್ದು, ಎದ್ದು, ಹೆಸರು ಬಂದ ಮೇಲೇನೇ ಅವರಪ್ಪನ ಹತ್ರ ಹೋಗೋದು. ಆಗ ಅವರು ಹೇಳಿದ್ದನ್ನ ಕತ್ತರಿಸಿ ಮುಂದಕ್ಕೆ ಅಂಟಿಸ್ತೀವಿ. ನೋಡೋರಿಗೆ ಮೊದಲೇ ಹೇಳಿದ ಹಾಗೆ ಕಾಣತ್ತೆ.'

ರಾಮಾಂಜಿನಪ್ಪ ಖಾಲಿ ಲೋಟವನ್ನು ಮತ್ತೆ ಎತ್ತಿಕೊಂಡ. 'ಅಂದ್ರೆ... ಅವರೆಲ್ಲ ಮಕ್ಕಳು ಬಿದ್ದ ಮೇಲೆ ಹೊಗಳಿದ್ದಾ?'

'ಹೌದು ಅಂಕಲ್. ಬಿದ್ದ ಮೇಲೂ ಹೊಗಳಿದ್ದು.'

ಬಾಗಿಲವರೆಗೆ ಬಂದು ಅವಳು ಇನ್ನೊಂದು ಮಾತು ಸೇರಿಸಿದಳು. 'ನನಗೆ ಹೇಳಿದ್ರೆ ಏನುಪಯೋಗ? ಅವಳಿಗೆ ಹೇಳಿ.'

ಹೇಳಬೇಕೆಂದು ಅವನು ದಿನವೂ ಬಾಯಿ ತೆರೆದ. ಅನ್ನ ಬಡಿಸಿಕೊಳ್ಳುವಾಗ ತೆರೆದ, 'ಉಪ್ಪು ಕಮ್ಮಿ' ಎಂದ. ಅವಳು ಬಟ್ಟೆ ಜೋಡಿಸಿಕೊಳ್ಳುವಾಗ ತೆರೆದ, 'ಆ ಬ್ಯಾಗಿನ ಜಿಪ್ಪು ನಿಲ್ಲಲ್ಲ' ಎಂದ. ಹೀಗೇ ಅಮಾವಾಸ್ಯೆ ಬಂತು, ಜನ ಮುಗಿಬಿದ್ದು ಕಾಯಿ ಒಯ್ದರು. ಮಾರನೆಯ ಬೆಳಿಗ್ಗೆ ಅವಳು ಹೊರಡುವ ದಿನ. ರಸ್ತೆಯ ತುಂಬ ಒಡೆದ ಕಾಯಿಯ ಚೂರು, ಒಣಗಿದ ಕುಂಕುಮ. ಅಂಗಡಿಯ ಮುಂದೆ ಯಾರಿಗೂ ಬೇಡದ ಕಾಯಿಗಳ ರಾಶಿ.

ಆಟೋ ಬಂದು ನಿಂತಿತು. ರಾಮಾಂಜಿನಪ್ಪ ಅದರ ನಾಲ್ಕು ಕಡೆಗೂ ನಿಂಬೆಹಣ್ಣು ನಿವಾಳಿಸಿ ಚಕ್ರದ ಕೆಳಗಿಟ್ಟ. ಹೇಮಶ್ರೀ ಅಮ್ಮನ ಕಾಲಿಗೆ, ಆಮೇಲೆ ಅವನ ಕಾಲಿಗೆ ನಮಸ್ಕರಿಸಿ ಏಳುವಷ್ಟರಲ್ಲಿ, ಕಣ್ಣು ಮುಚ್ಚಿಕೊಂಡು ಬಾವಿಗೆ ಹಾರುವವನಂತೆ ಅವನು ಶುರುಮಾಡಿಯೇಬಿಟ್ಟ.

'ಹೇಮಾ, ನಿನ್ನಂಥೋಳು ಈ ಊರಲ್ಲೇ ಇಲ್ಲ ಕಣಮ್ಮಾ! ಆ ಹುಡುಗೀನ ಸೊಂಟ ಹಿಡಿದು ಎತ್ತಿ ಹಾಕಿದ್ಯಲ್ಲ, ನಾನು ನೋಡಿದೀನಿ. ಕಿಟಕಿಯಲ್ಲಿ ನಿಂತಿದ್ದೆ. ಎಲ್ಲಾ ಪಂದ್ಯಕ್ಕೂ ಬಂದಿದೀನಿ!'

ಎದುರಿನ ಹೂವಿನವಳು ಮೊಳ ಹಾಕುವುದನ್ನು ನಿಲ್ಲಿಸಿದಳು. ಆಟೋದವನು ತಲೆ ಹೊರಗೆ ಹಾಕಿದ. ರಾಮಾಂಜಿನಪ್ಪನ ಬಾಯಲ್ಲಿ ಇಂಥ ಮಾತು ಆ ಬೀದಿ ಹುಟ್ಟಿದ ಮೇಲೆ ಕೇಳಿರಲಿಲ್ಲ. ಹೇಮಶ್ರೀ ಅವನನ್ನು ನೋಡಿದಳು. ಆಮೇಲೆ ರಸ್ತೆಯ ಆಚೆ ಈಚೆ ನೋಡಿದಳು, ಏನನ್ನೋ ಹುಡುಕುವವಳಂತೆ.

'ಕ್ಯಾಮೆರಾ ಎಲ್ಲಿಡ್ಸಿದೀಯಪ್ಪಾ?'

'ಕ್ಯಾಮೆರಾ ಇಲ್ಲ ಕಣೇ...'

'ಪ್ರಿಯಂವದಾ ಅಕ್ಕನ ಮನೆಗೆ ಹೋಗಿದ್ಯಂತೆ, ಮಾತು ಬದಲಾಯಿಸ್ತೀನಿ ಅಂತ. ಗೊತ್ತಾಯ್ತು ನಂಗೆ.' ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. 'ಇರ್ಲಿ ಬಿಡು. ಪರವಾಗಿಲ್ಲ, ಚೆನ್ನಾಗೇ ಹೇಳ್ದೆ.'

ಆ 'ಪರವಾಗಿಲ್ಲ' ಅವನದೇ. ಗಿರಾಕಿಗೆ ಕಾಯಿ ಕೊಡುವಾಗಿನ ಅವನ ದನಿ, ಅವನ ಏರಿಳಿತ, ಮುಖ ನೋಡದೆ ಹೇಳುವ ಅವನ ರೀತಿ. ಮಗಳು ಅಂಗಡಿಯಿಂದ ಇದನ್ನೂ ಕಲಿತಿದ್ದಳು. ಆಟೋ ನಿಂಬೆಹಣ್ಣುಗಳನ್ನು ಅಪ್ಪಚ್ಚಿ ಮಾಡಿ ಸಿಗ್ನಲ್ ಕಡೆಗೆ ತಿರುಗಿತು. ಸರಕಿನಲ್ಲಿ ಏನೂ ಕೆಟ್ಟಿರಲಿಲ್ಲ. ದಿನ ಹೋಗಿತ್ತು.

'ಒಳಗ್ ಬನ್ರೀ' ಎಂದಳು ಅಂಜಿನಮ್ಮ. 'ಸಂಡಿಗೆಗೆ ಕಾಯಿ ಹೆಚ್ಚಬೇಕು.'

ಆಮೇಲೆ ಆ ಚಿತ್ರ ಎಲ್ಲರ ಮೊಬೈಲಿಗೂ ಬಂತು. 'ನಾಕು ಏಟು ಬಿದ್ರೆ' ಎಂಬುದನ್ನು ಹುಡುಗರು ಬೀದಿಯಲ್ಲಿ ಅವನದೇ ದನಿಯಲ್ಲಿ ಹೇಳಿ ನಗುತ್ತಾರೆ. ದೂರದ ಬಡಾವಣೆಗಳಿಂದ ಜನ ಬಂದು ಅವನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಬಂದ ಮೇಲೆ ಒಂದು ಕಾಯಿಯನ್ನೂ ಕೊಳ್ಳುತ್ತಾರೆ. ವ್ಯಾಪಾರ ಹಿಂದೆಂದೂ ಇಲ್ಲದಷ್ಟು ಏರಿದೆ. ಹೇಮಶ್ರೀ ಪುಣೆಯಿಂದ ಅಮ್ಮನಿಗೆ ಫೋನ್ ಮಾಡುತ್ತಾಳೆ. ಗೆದ್ದದ್ದನ್ನೂ ಸೋತದ್ದನ್ನೂ ಒಂದೇ ದನಿಯಲ್ಲಿ ಹೇಳುತ್ತಾಳೆ. ಅಪ್ಪನಿಗೆ ಫೋನ್ ಕೊಟ್ಟರೆ ಊಟ ಆಯಿತಾ ಎಂದು ಕೇಳುತ್ತಾಳೆ. ಆಯಿತು ಎನ್ನುತ್ತಾನೆ.

ಈಗ ಯಾರಾದರೂ ವ್ಯಾಪಾರ ಹೇಗಿದೆ ಎಂದರೆ ರಾಮಾಂಜಿನಪ್ಪ, 'ಚೆನ್ನಾಗಿದೆ' ಎನ್ನುತ್ತಾನೆ. ಆರೋಗ್ಯ? 'ಚೆನ್ನಾಗಿದೆ.' ಮನುಷ್ಯನಿಗೆ ಏನೋ ಆಗಿದೆ, ಒಮ್ಮೆ ಡಾಕ್ಟರಿಗೆ ತೋರಿಸಿ ಎಂದು ಶ್ರೀನಿವಾಸಯ್ಯನವರು ಅಂಜಿನಮ್ಮನಿಗೆ ಗುಟ್ಟಾಗಿ ಹೇಳಿ ಹೋಗಿದ್ದಾರೆ.

ಮಧ್ಯಾಹ್ನದ ಹೊತ್ತು ಮೊಬೈಲು ಈಗಲೂ ತಕ್ಕಡಿಗೆ ಒರಗಿರುತ್ತದೆ. ಮೊನ್ನೆ ಯಾವುದೋ ಚಳಿದೇಶದ ಫೈಟರನ ಚಿತ್ರ ನೋಡುತ್ತಿದ್ದ. ಅವನಪ್ಪ ಒಬ್ಬ ಸಿಡುಕು ಮುಖದ ಮುದುಕ, ಕುದುರೆಲಾಯದ ಮುಂದೆ ನಿಂತು ಏನೋ ಗದರುವಂತೆ ಹೇಳಿ ಕೈ ಝಾಡಿಸಿದ. ಮಗನನ್ನು ಹಳಿಯುತ್ತಿದ್ದಾನೆಂದು ತಿಳಿಯಲು ಭಾಷೆ ಬೇಕಿರಲಿಲ್ಲ. ಪಕ್ಕದಲ್ಲಿ ನೋಡುತ್ತಿದ್ದ ನಾರಾಯಣಪ್ಪ, 'ಎಂಥಾ ಕಟುಕ ಅಪ್ಪ ನೋಡಣ್ಣ' ಎಂದ.

ರಾಮಾಂಜಿನಪ್ಪ ಚಿತ್ರವನ್ನು ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ಸರಿಸಿ, ಮತ್ತೆ ನೋಡಿದ. ಮುದುಕನ ಒಂದು ಕೈ ಗಾಳಿಯಲ್ಲಿತ್ತು. ಇನ್ನೊಂದು ಕೈ ಹಿಂದೆ, ಲಾಯದ ಮರದ ಕಂಬವನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

'ಕಟುಕ ಅಲ್ಲ ಕಣೋ' ಎಂದ. 'ಹೆದರಿದಾನೆ.'